ಮಂಗಳೂರಿನ ಸಂಧಿ ಮತ್ತು ಶಾಂತಿಯ ಓಲೆಗಳು

ಯುದ್ಧವು ಎಂದು ಮುಗಿಯಿತೆಂಬ ಪ್ರಶ್ನೆಗೆ ಚರಿತ್ರೆಯ ಗ್ರಂಥಗಳು ಸಂಧಿಪತ್ರಕ್ಕೆ ರುಜುವಾದ ತಾರೀಖನ್ನು ಉತ್ತರವಾಗಿ ಕೊಡುತ್ತವೆ. ಆದರೆ ಕೋಟೆಯನ್ನು ಕಾಯುವವನಿಗೂ ಸೆರೆಯಲ್ಲಿರುವವನಿಗೂ ಶಾಂತಿ ದೊರೆಯುವುದು ಅದನ್ನು ಸಾರುವ ಓಲೆ ತಲುಪಿದಾಗಲೇ. ಎರಡನೆಯ ಮೈಸೂರು ಯುದ್ಧದ ಅಂತ್ಯಭಾಗ ಇದಕ್ಕೆ ನಿದರ್ಶನವಾಗಿದೆ.

1782ರ ಡಿಸೆಂಬರ್ 7ರಂದು ಹೈದರಾಲಿಯು ಮೃತನಾದನು. ಮರುವರ್ಷದ ಆದಿಯಲ್ಲಿ ಜನರಲ್ ಮ್ಯಾಥ್ಯೂಸನ ಸೈನ್ಯವು ಘಟ್ಟವನ್ನೇರಿ, ಹಿಂದೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಹಿಡಿಯಿತು. ಮಂಗಳೂರೂ ಇಂಗ್ಲಿಷರ ವಶವಾಯಿತು. ಟಿಪ್ಪು ಸುಲ್ತಾನನು ಬಿದನೂರನ್ನು ಮರಳಿ ಗೆದ್ದು, 1783ರ ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದನು. ಒಳಗೆ ಕ್ಯಾಂಪ್‌ಬೆಲ್ಲನ ಪಡೆ; ಹೊರಗೆ ಟಿಪ್ಪುವಿಗೆ ನೆರವಾಗಿ ಕೊಸಿನ್ಯಿಯ ಫ್ರೆಂಚ್ ತುಕಡಿ.

ವಾಸ್ತವವಾಗಿ ಇಂಗ್ಲಿಷರೂ ಫ್ರೆಂಚರೂ ವರ್ಸೇಲ್ಸ್‌ನಲ್ಲಿ ಪ್ರಾಥಮಿಕ ಶಾಂತಿ ಕರಾರಿಗೆ ಜನವರಿ 20ರಂದೇ ರುಜು ಹಾಕಿದ್ದರು. ಆ ವಾರ್ತೆ ಕಡಲು ದಾಟಿ ಕಡಲೂರನ್ನು ಮುಟ್ಟಿದ್ದು ಜೂನ್ ಅಂತ್ಯದಲ್ಲಿ. ಅದಕ್ಕೆ ಕೆಲವೇ ದಿನಗಳ ಮುಂಚೆ, ಜೂನ್ 20ರಂದು, ಮಿತ್ರರಾಗಿಬಿಟ್ಟಿದ್ದ ಈ ಎರಡು ರಾಷ್ಟ್ರಗಳ ನೌಕಾಪಡೆಗಳು ಅಲ್ಲಿ ಪರಸ್ಪರ ಕಾದಾಡಿದ್ದವು! ವಾರ್ತೆ ಮಂಗಳೂರಿಗೆ ಬಂದೊಡನೆ ಫ್ರೆಂಚ್ ತುಕಡಿ ಯುದ್ಧದಿಂದ ಹಿಂದೆಗೆಯಿತು. ಆಗಸ್ಟ್ 2ರಂದು ಕದನವಿರಾಮವಾಯಿತು. ಆದರೂ ಮುತ್ತಿಗೆ ತೆರವಾಗಲಿಲ್ಲ. ಹಸಿವು ಮತ್ತು ರೋಗಗಳಿಂದ ಕುಗ್ಗಿದ ಕ್ಯಾಂಪ್‌ಬೆಲ್ಲನು 1784ರ ಜನವರಿ 30ರಂದು ಕೋಟೆಯನ್ನು ಒಪ್ಪಿಸಿದನು.

ಮದರಾಸಿನಿಂದ ಬಂದ ಸ್ಯಾಡ್ಲಿಯರ್, ಸ್ಟೌಂಟನ್, ಹಡಲ್‌ಸ್ಟನ್ ಎಂಬ ಮೂವರು ಪ್ರತಿನಿಧಿಗಳೊಡನೆ ಸಂಧಿಯಾದದ್ದು ಮಾರ್ಚ್ 11ರಂದು. ಗೆದ್ದ ನೆಲವನ್ನು ಪರಸ್ಪರ ಹಿಂದಿರುಗಿಸುವುದೇ ಅದರ ಸಾರ. ರುಜುವಾದ ಕೂಡಲೇ ಆಜ್ಞಾಪತ್ರಗಳನ್ನು ಕಳುಹಿಸಬೇಕೆಂದು ಕರಾರೇ ವಿಧಿಸಿತ್ತೆಂಬುದು ಗಮನಾರ್ಹ. ಹೊನ್ನಾವರ, ಕಾರವಾರ, ಸದಾಶಿವಗಡಗಳನ್ನು ಬಿಟ್ಟುಕೊಡಲು ಇಂಗ್ಲಿಷ್ ಪ್ರತಿನಿಧಿಗಳು ಲಿಖಿತ ಅಪ್ಪಣೆ ಕೊಡಬೇಕು. ಕರ್ನಾಟಿಕ್ ಪ್ರಾಂತದ ತೆರವಿಗೂ ಯುದ್ಧಬಂದಿಗಳ ಬಿಡುಗಡೆಗೂ ಟಿಪ್ಪು ಅಪ್ಪಣೆ ಹೊರಡಿಸಬೇಕು. ಬಂದಿಗಳ ಪ್ರಯಾಣಕ್ಕೆ ಆಹಾರವನ್ನೂ ವಾಹನವನ್ನೂ ಆತನು ಒದಗಿಸಿದರೆ ವೆಚ್ಚವನ್ನು ಕಂಪನಿ ತೆರಬೇಕು. ಈ ಅಪ್ಪಣೆ ಶ್ರೀರಂಗಪಟ್ಟಣಕ್ಕೆ ಮುಟ್ಟಿದ ಮೇಲೆಯೇ, 1780ರ ಪೊಳ್ಳಿಲೂರು ಕದನದಲ್ಲಿ ಸೆರೆಸಿಕ್ಕಿದ್ದ ಡೇವಿಡ್ ಬೇರ್ಡ್ ಮೊದಲಾದವರ ಸಂಕೋಲೆ ಕಳಚಿತು.

ಆದರೆ ಅದೇ ವರ್ಷ ಟಿಪ್ಪುವಿನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣದ ಕಡೆಗೆ ಸಾಗಿದ ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಯಾವ ಓಲೆಯೂ ಬರಲಿಲ್ಲ. ಅವರು ಯುದ್ಧಬಂದಿಗಳೆಂಬ ಗಣನೆಗೆ ಸೇರಲಿಲ್ಲ. ಅವರಲ್ಲಿ ಬದುಕುಳಿದವರು ಊರಿಗೆ ಮರಳಲು 1799ರವರೆಗೆ ಕಾಯಬೇಕಾಯಿತು.

ಮಂಗಳೂರಿನ ಸಂಧಿಯನ್ನು ಟಿಪ್ಪುವಿನ ರಾಜನೀತಿಯ ವಿಜಯವೆಂದು ಚರಿತ್ರಕಾರರು ವರ್ಣಿಸುತ್ತಾರೆ; ವಾರನ್ ಹೇಸ್ಟಿಂಗ್ಸ್‌ಗೆ ಅದು ಹಿಡಿಸಲಿಲ್ಲ. ಈ ಜಯಾಪಜಯಗಳ ಲೆಕ್ಕಕ್ಕಿಂತ ವಿಚಾರಾರ್ಹವಾದ ಸಂಗತಿ ಇನ್ನೊಂದಿದೆ. ಶಾಂತಿಯ ಓಲೆ ತಡವಾದಲ್ಲಿ ಜೀವಗಳು ವ್ಯರ್ಥವಾದವು. ಓಲೆಯಲ್ಲಿ ಹೆಸರಿಲ್ಲದವರಿಗೆ ಶಾಂತಿಯೇ ಲಭಿಸಲಿಲ್ಲ. ಸಂಧಿಪತ್ರವನ್ನು ಓದುವಾಗ ಅದರಲ್ಲಿ ಯಾರ ಮಾತಿದೆಯೆಂಬಷ್ಟೇ ಮುಖ್ಯವಾಗಿ, ಯಾರ ಮಾತಿಲ್ಲವೆಂಬುದನ್ನೂ ನೋಡಬೇಕಾಗುತ್ತದೆ.