ಕೊನೆಯ ಸಾಲಿಗೂ ಕೇಳಿಸಿದ ದನಿ

ಭಾಷಣ ಸ್ಪರ್ಧೆಗೆಂದು ಬಾಯಿಪಾಠ ಮಾಡಿಕೊಂಡು ವೇದಿಕೆ ಹತ್ತಿದಾಗ ಗಂಟಲು ಒಣಗಿದ ಅನುಭವ ನಿಮ್ಮಲ್ಲಿ ಅನೇಕರಿಗೆ ಆಗಿರಬೇಕು. ಚೆನ್ನಾಗಿ ಮಾತನಾಡಲು ಬಹಳ ಓದಿರಬೇಕು ಎಂದು ನಾವು ನಂಬಿಬಿಟ್ಟಿದ್ದೇವೆ. ಹಾಗಾದರೆ ಪ್ರಾಥಮಿಕ ಶಾಲೆಯನ್ನೂ ಮುಗಿಸದ ಒಬ್ಬ ಹುಡುಗನ ಬಾಯಲ್ಲಿ ಕನ್ನಡ ಅಷ್ಟು ಸ್ಫುಟವಾಗಿ ನೆಲೆಸಿದ್ದು ಹೇಗೆ?

ಆ ಹುಡುಗ ಮುತ್ತುರಾಜ. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಅವರನ್ನು ಮುಂದೆ ನಾಡು ಡಾ. ರಾಜ್‌ಕುಮಾರ್ ಎಂದು ಕರೆಯಿತು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟರು. ಹಿರಣ್ಯಕಶಿಪು, ರಾವಣರಂಥ ಪಾತ್ರಗಳಿಗೆ ಹೆಸರಾದವರು. ಮಗನೂ ಬಾಲ್ಯದಲ್ಲೇ ತಂದೆಯ ಹಿಂದೆ ಕಂಪನಿ ಸೇರಿದ.

1884ರಲ್ಲಿ ಗುಬ್ಬಿಯಲ್ಲಿ ಆರಂಭವಾದ ಈ ಕಂಪನಿ ಒಂದು ಸಂಚಾರಿ ಸಂಸಾರದಂತಿತ್ತು. ಊಟ, ನಿದ್ರೆ, ಪ್ರಯಾಣ ಎಲ್ಲವೂ ಒಟ್ಟಿಗೆ. ಅಲ್ಲಿನ ಹುಡುಗರಿಗೆ ಉಚ್ಚಾರಣೆಯ ಪಾಠ ಪುಸ್ತಕದಿಂದ ಬರಲಿಲ್ಲ, ಕಿವಿಯಿಂದ ಬಂತು. ಅದೇ ನಾಟಕ, ಅದೇ ಮಾತು, ಅದೇ ಕಂದಪದ್ಯ ರಾತ್ರಿ ರಾತ್ರಿಯೂ ಕಿವಿಗೆ ಬಿದ್ದು ನಾಲಿಗೆಗೆ ಇಳಿಯುತ್ತಿತ್ತು.

ಇನ್ನೊಂದು ಸಂಗತಿ ಗಮನಿಸಿ. ಧ್ವನಿವರ್ಧಕ ರೂಢಿಗೆ ಬರುವ ಮುನ್ನ ನಟನ ದನಿ ತಾನಾಗಿಯೇ ಕೊನೆಯ ಸಾಲಿನವನನ್ನು ಮುಟ್ಟಬೇಕಿತ್ತು. ಕಿರುಚಿದರೆ ನಡುರಾತ್ರಿಯೊಳಗೆ ಗಂಟಲು ಕಟ್ಟುತ್ತದೆ, ಮರುದಿನದ ಆಟ ಕೆಡುತ್ತದೆ. ಆದ್ದರಿಂದ ಉಸಿರನ್ನು ಹೊಟ್ಟೆಯಿಂದ ಎಳೆದು, ದೀರ್ಘಾಕ್ಷರಗಳಿಗೆ ಪೂರ್ತಿ ಕಾಲ ಕೊಟ್ಟು, ಒತ್ತಕ್ಷರ ಮಹಾಪ್ರಾಣಗಳನ್ನು ನುಂಗದೆ ಆಡುವುದನ್ನು ದುಡಿಮೆಯೇ ಕಲಿಸುತ್ತಿತ್ತು. ವಾಕ್ಯದ ಕೊನೆಯ ಪದ ತಗ್ಗಿದರೆ ಹಿಂದಿನವರು ಸುಮ್ಮನಿರುತ್ತಿರಲಿಲ್ಲ! ಟಿಕೆಟ್ಟಿನ ದುಡ್ಡಿನಿಂದಲೇ ಕಂಪನಿಯ ಒಲೆ ಉರಿಯಬೇಕಾದಾಗ ಅದಕ್ಕಿಂತ ದೊಡ್ಡ ಪರೀಕ್ಷಕ ಯಾರು? ಅಭಿಮಾನಿಗಳನ್ನು 'ದೇವರು' ಎಂದು ಕರೆದ ರಾಜ್‌ಕುಮಾರರ ವಿನಯದ ಬೇರು ಇಲ್ಲೇ ಇದೆಯೆಂದು ನನಗೆ ತೋರುತ್ತದೆ.

ಆ ಬದುಕನ್ನು ಸುಂದರವೆಂದು ಹಾಡಿ ಹೊಗಳುವುದು ಬೇಡ. ಅಲ್ಲಿ ಬಡತನವಿತ್ತು, ಆ ಹುಡುಗನ ಶಾಲೆ ತಪ್ಪಿತು. ಶಾಲೆ ಬಿಟ್ಟವರೆಲ್ಲ ರಾಜ್‌ಕುಮಾರ್ ಆಗಲಿಲ್ಲ.

1954ರಲ್ಲಿ 'ಬೇಡರ ಕಣ್ಣಪ್ಪ' ತೆರೆ ಕಂಡಿತು. ರಂಗದ ದನಿಯನ್ನು ಮೈಕಿನ ಅಳತೆಗೆ ತಗ್ಗಿಸುವುದು ಹೊಸ ವಿದ್ಯೆ. ಅದನ್ನೂ ಅವರು ಕೆಲಸ ಮಾಡುತ್ತಲೇ ಕಲಿತರು. ಹಾಡುವುದಕ್ಕೂ ಅದೇ ಗಂಟಲು ನೆರವಾಯಿತು: 'ಜೀವನ ಚೈತ್ರ' (1992) ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು. 1982ರ ಗೋಕಾಕ್ ಚಳವಳಿಯಲ್ಲಿ ಅವರು ಊರೂರು ತಿರುಗಿದಾಗ ಜನಸಾಗರವೇ ಸೇರಿತು.

'ಬಬ್ರುವಾಹನ' (1977) ಚಿತ್ರದಲ್ಲಿ ಅರ್ಜುನನೂ ಬಬ್ರುವಾಹನನೂ ಅವರೇ. ಸಾಧ್ಯವಾದರೆ ಕಣ್ಣು ಮುಚ್ಚಿ ಆ ಮಾತಿನ ಸಮರವನ್ನು ಕೇಳಿ. ತಂದೆ ಯಾರು, ಮಗ ಯಾರು ಎಂದು ದನಿಯಿಂದಲೇ ಗುರುತಿಸಲು ಯತ್ನಿಸಿ. 1983ರಲ್ಲಿ 'ಭಕ್ತ ಪ್ರಹ್ಲಾದ' ಬಂದಾಗ ಅವರು ಹಿರಣ್ಯಕಶಿಪುವಾಗಿ ಗರ್ಜಿಸಿದರು. ಬಾಲಕನಾಗಿದ್ದಾಗ ತಂದೆಯ ಬಾಯಲ್ಲಿ ಕೇಳಿದ್ದ ಪಾತ್ರ ಅದು. ಅದನ್ನು ಕೇಳಲು ಪುಟ್ಟಸ್ವಾಮಯ್ಯನವರು ಆಗ ಇರಲಿಲ್ಲ.