ತಿದ್ದಿದ್ದು ಯಾರು? ಕಡತದಿಂದ ಮೊಬೈಲ್ ಆಪ್‌ವರೆಗೆ ಒಂದು ಲೆಕ್ಕದ ಕತೆ

ಎರಡು ವರ್ಷದ ಹಿಂದೆ ನಾವು ಕೆಲವರು ಸೇರಿ ಒಂದು ಊರಿನ ಮಹಿಳಾ ಸ್ವಸಹಾಯ ಸಂಘಕ್ಕೆ ಮೊಬೈಲ್ ಆಪ್ ಮಾಡಿಕೊಟ್ಟೆವು. ನಮ್ಮಲ್ಲಿ ಯಾರಿಗೂ ಕೋಡಿಂಗ್ ಬರುವುದಿಲ್ಲ. ಈಗ ಅದು ಅಷ್ಟಾಗಿ ಬೇಕಾಗಿಯೂ ಇಲ್ಲ. ಕಾಲಂಗಳ ಹೆಸರು ಕೊಟ್ಟು, ಬಟನ್‌ಗಳನ್ನು ಎಳೆದು ಜೋಡಿಸಿದರೆ ಆಪ್ ಸಿದ್ಧ. ಇಂಥದ್ದಕ್ಕೆ 'ಲೋ-ಕೋಡ್' ಎನ್ನುತ್ತಾರೆ. ಉಳಿತಾಯ, ಸಾಲ, ಕಂತು ಎಲ್ಲ ಒಂದೇ ಪರದೆಯಲ್ಲಿ ಕಂಡಾಗ ಸಂಘದವರಿಗೂ ಖುಷಿ, ನಮಗೂ ಹೆಮ್ಮೆ.

ಐದನೇ ತಿಂಗಳಿಗೆ ಜಗಳ ಬಂತು. ಒಬ್ಬ ಸದಸ್ಯೆ ಕಟ್ಟಿದ್ದ 2,000 ರೂಪಾಯಿ ಕಂತು ಆಪ್‌ನಲ್ಲಿ 200 ಎಂದು ತೋರಿಸುತ್ತಿತ್ತು. "ನಾನು ಕಟ್ಟಿದ್ದು ಎರಡು ಸಾವಿರ ಕಣಕ್ಕ, ದೇವರಾಣೆ" ಎಂದು ಆಕೆ. "ನಾನು ಹಾಕಿದ್ದೂ ಎರಡು ಸಾವಿರವೇ, ಆಮೇಲೆ ನಾನು ಮುಟ್ಟಿಲ್ಲ" ಎಂದು ಲೆಕ್ಕ ಬರೆಯುವ ಪ್ರತಿನಿಧಿ. ಸದಸ್ಯೆಯ ಕೈಯಲ್ಲಿದ್ದ ಪಾಸ್‌ಬುಕ್ ಹಣ ಉಳಿಸಿತು. ಆದರೆ ಆ ಸೊನ್ನೆ ಅಳಿಸಿದವರು ಯಾರು, ಬೇಕೆಂದು ಅಳಿಸಿದರೋ ಬೆರಳು ತಪ್ಪಿತೋ ಎಂಬುದು ಇವತ್ತಿಗೂ ಗೊತ್ತಿಲ್ಲ. ನಾವು ಆಪ್‌ನ ಒಳಗೆ ಹೋಗಿ ನೋಡಿದರೆ, ಪ್ರತಿ ಸಾಲಿನ ಮುಂದೆಯೂ ಒಂದೇ ಹೆಸರು. ಅದು ನಮ್ಮದು! ಆಪ್ ಮಾಡಿದ್ದು ನಮ್ಮ ಲಾಗಿನ್‌ನಲ್ಲಿ, ಎಲ್ಲರೂ ಬಳಸುತ್ತಿದ್ದದ್ದೂ ಅದನ್ನೇ. ಪ್ರತಿನಿಧಿ ಅಕ್ಕ ಆ ತಿಂಗಳೇ ಲೆಕ್ಕ ಬರೆಯುವುದನ್ನು ಬಿಟ್ಟರು. ಹಣ ಸರಿಹೋಯಿತು, ಅವರ ಮೇಲಿನ ಅನುಮಾನ ಹೋಗಲಿಲ್ಲ.

ತಪ್ಪು ಅವರದಲ್ಲ, ನಮ್ಮದು. ಅದನ್ನು ಅರ್ಥ ಮಾಡಿಕೊಳ್ಳಲು ನಾವು ಹಳೆಯ ಲೆಕ್ಕದ ಪುಸ್ತಕಗಳ ಕಡೆ ತಿರುಗಿದೆವು.

ಕಲ್ಲು, ಕಡತ, ಕಾಗದ

ನಮ್ಮೂರುಗಳ ಶಾಸನಗಳನ್ನು ನೋಡಿ. ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಕಲ್ಲಿನಲ್ಲಿ ಕೆತ್ತಿಸಿ, ಕೊನೆಗೆ ಇದನ್ನು ಕೆಡಿಸಿದವರಿಗೆ ಕಾಶಿಯಲ್ಲಿ ಹಸು ಕೊಂದ ಪಾಪ ಬರಲಿ ಎಂಬಂಥ ಶಾಪ ಹಾಕುತ್ತಿದ್ದರು. ಬದಲಾವಣೆಯೇ ಆಗಬಾರದು ಎಂಬುದು ಕಲ್ಲಿನ ನ್ಯಾಯ.

ಆದರೆ ದಿನದ ಲೆಕ್ಕ ಬದಲಾಗದೆ ಇರುತ್ತದೆಯೇ? ಅದಕ್ಕೆ ಇದ್ದದ್ದು ಕಡತ. ಇವತ್ತು ಕಡತ ಎಂದರೆ ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಸೆಬೀಜದ ಅಂಟು ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶಾನುಭೋಗರೂ ವ್ಯಾಪಾರಿಗಳೂ ಇದರಲ್ಲೇ ಲೆಕ್ಕ ಇಟ್ಟರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸದ ಪುಸ್ತಕದಲ್ಲಿ ಕಡತವನ್ನು ವರ್ಣಿಸಿದ್ದಾನೆ. ಸ್ಲೇಟಿನ ಹಾಗೆ ಅದನ್ನು ಒರೆಸಿ ಮತ್ತೆ ಬರೆಯಬಹುದಿತ್ತು.

ಒರೆಸಿ ಬರೆಯಬಹುದು ಎಂಬುದೇ ಕಡತದ ಅನುಕೂಲ, ಅದೇ ಅದರ ಅಪಾಯ. ಹೊಸ ಅಕ್ಷರ ಕಾಣುತ್ತದೆ, ಹಳೆಯದು ಮಾಯ. ಉಳಿಯುವುದು ಬರೆದವರ ಮೇಲಿನ ನಂಬಿಕೆ ಮಾತ್ರ.

ಕಾಗದ ಮತ್ತು ಶಾಯಿ ಬಂದ ಮೇಲೆ ಕಚೇರಿಗಳಲ್ಲಿ ಒಂದು ಶಿಸ್ತು ಬೆಳೆಯಿತು. ತಪ್ಪಾದರೆ ಉಜ್ಜಬಾರದು. ಒಂದೇ ಗೆರೆ ಎಳೆದು ಹೊಡೆಯಬೇಕು. ಹಳೆಯ ಅಂಕಿ ಓದುವ ಹಾಗೆ ಉಳಿಯಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಚಿಕ್ಕ ಸಹಿ, ತಾರೀಖು ಹಾಕಬೇಕು. ಸಂಘದ ಹಳೆಯ ನೋಟ್‌ಬುಕ್‌ನಲ್ಲಿ ಇದು ತಾನಾಗಿಯೇ ಇತ್ತು. ಹೊಡೆದು ಹಾಕಿದ ಗೆರೆಯೇ ಸಾಕ್ಷಿ.

ಪಹಣಿಯ ಹತ್ತನೇ ಕಾಲಂ

ಈ ಶಿಸ್ತು ಜಮೀನಿನ ವಿಷಯದಲ್ಲಿ ಕಾನೂನೇ ಆಯಿತು. ಧಾರವಾಡ, ಬೆಳಗಾವಿ, ವಿಜಯಪುರ ಸೇರಿದ್ದ ಮುಂಬೈ ಪ್ರಾಂತದಲ್ಲಿ 1903ರಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆಯಾಗಿ 1964ರ ಭೂಕಂದಾಯ ಕಾಯ್ದೆ ಜಾರಿಗೆ ಬಂತು.

ನಿಮ್ಮ ಪಹಣಿಯನ್ನು (ಉತ್ತರ ಕರ್ನಾಟಕದವರು ಉತಾರ ಎನ್ನಿ) ಒಮ್ಮೆ ತೆಗೆದು ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರಿದೆ. ನಾವೆಲ್ಲ ಅದನ್ನೇ ಮೊದಲು ನೋಡುವುದು. ಅದರ ಪಕ್ಕದ 10ನೇ ಕಾಲಂನಲ್ಲಿ ಜಮೀನು ಹೇಗೆ ಬಂತು ಎಂಬುದು, ಜೊತೆಗೆ ಎಂ.ಆರ್. ನಂಬರ್ ಇರುತ್ತದೆ. ಪೌತಿ, ವಿಭಾಗ, ಕ್ರಯ, ದಾನ, ಯಾವುದೇ ಕಾರಣಕ್ಕೆ ಹೆಸರು ಬದಲಾದರೂ ಅದಕ್ಕೆ ಮ್ಯುಟೇಷನ್ ರಿಜಿಸ್ಟರ್‌ನಲ್ಲಿ ಒಂದು ನಮೂದು. ಆ ನಂಬರ್ ಹಿಡಿದು ಹಿಂದಕ್ಕೆ ಹೋದರೆ ಮೊದಲು ಯಾರ ಹೆಸರಿತ್ತು, ಯಾವ ಆಧಾರದ ಮೇಲೆ ಬದಲಾಯಿತು, ಯಾವ ಅಧಿಕಾರಿ ಒಪ್ಪಿದರು ಎಂದು ತಿಳಿಯುತ್ತದೆ. ಅಜ್ಜನ ಕಾಲದ ವ್ಯಾಜ್ಯಕ್ಕೆ ಮೊಮ್ಮಗ ತಾಲ್ಲೂಕು ಕಚೇರಿಗೆ ಅಲೆಯುವುದು ಈ ನಂಬರಿನ ಹಿಂದೆಯೇ.

ಅಂದರೆ 9ನೇ ಕಾಲಂ ಇವತ್ತಿನ ಸ್ಥಿತಿ ಹೇಳುತ್ತದೆ. 10ನೇ ಕಾಲಂ ಅದರ ಚರಿತ್ರೆಯ ಬಾಗಿಲು ತೆರೆಯುತ್ತದೆ.

ಕಾಯ್ದೆಯ 129ನೇ ಕಲಂ ಇನ್ನೊಂದು ಕೆಲಸ ಹೇಳುತ್ತದೆ. ಬದಲಾವಣೆಯ ವಿಷಯವನ್ನು ಚಾವಡಿಯಲ್ಲಿ ಪ್ರಕಟಿಸಬೇಕು, ಸಂಬಂಧಪಟ್ಟವರಿಗೆ ನೋಟಿಸ್ ಕೊಡಬೇಕು, ತಕರಾರು ಬಂದರೆ ಅದಕ್ಕೆ ಬೇರೆ ರಿಜಿಸ್ಟರ್ ಇಡಬೇಕು. ಬದಲಾವಣೆಯನ್ನು ಬರೆದಿಟ್ಟರೆ ಸಾಲದು, ಊರಿಗೆ ತಿಳಿಯಬೇಕು. ಇದನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಪುಸ್ತಕದಲ್ಲಿ ಎಲ್ಲ ಸರಿಯಿತ್ತು, ಊರಿನಲ್ಲಿ ಇರಲಿಲ್ಲ. ಪಹಣಿ ಇದ್ದದ್ದು ಗ್ರಾಮಲೆಕ್ಕಿಗರ ಕೈಯಲ್ಲಿ. ಅವರು ಸಿಕ್ಕಾಗ ಪಹಣಿ, ಅವರು ಬರೆದದ್ದೇ ಪಹಣಿ. ಅದಕ್ಕಾಗಿಯೇ 2000ರ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರ್ ಸೇರಿದವು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬಂತು. ಕೈಬರಹದ ಪಹಣಿಗೆ ಬೆಲೆ ಹೋಯಿತು.

ಸರದಿ ಉದ್ದವಾಗಿದ್ದರಿಂದ ನಮಗೆ ಕಂಡದ್ದು ಕೌಂಟರ್ ಮಾತ್ರ. ಒಳಗೆ ಇನ್ನೊಂದು ಏರ್ಪಾಡಿತ್ತು. ಪಹಣಿ ಬದಲಿಸುವ ಸಿಬ್ಬಂದಿ ಪಾಸ್‌ವರ್ಡ್ ಜೊತೆಗೆ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಿತ್ತು. "ನಾನು ಮಾಡಿಲ್ಲ, ಯಾರೋ ನನ್ನ ಹೆಸರಲ್ಲಿ ಮಾಡಿದ್ದಾರೆ" ಎನ್ನಲು ಆಗಬಾರದು ಎಂಬುದು ಉದ್ದೇಶ. ನಮ್ಮ ಸಂಘದ ಆಪ್‌ನಲ್ಲಿ ಇಲ್ಲದೆ ಹೋದದ್ದು ಇದೇ.

ಕಂಪ್ಯೂಟರ್ ಮತ್ತೆ ಕಡತವಾಯಿತು

ಕಂಪ್ಯೂಟರ್ ಎಲ್ಲವನ್ನೂ ನೆನಪಿಡುತ್ತದೆ ಎಂದು ನಾವು ನಂಬಿದ್ದೆವು. ನಿಜ ಬೇರೆ. ಸಾಮಾನ್ಯ ಡೇಟಾಬೇಸ್‌ನಲ್ಲಿ 2,000ವನ್ನು 200 ಎಂದು ತಿದ್ದಿ ಸೇವ್ ಮಾಡಿದರೆ ಹಳೆಯ ಅಂಕಿಯ ಜಾಗದಲ್ಲೇ ಹೊಸದು ಕೂರುತ್ತದೆ. ಗೆರೆ ಎಳೆದ ಗುರುತು ಇರುವುದಿಲ್ಲ. ಬಳಪದ ಅಕ್ಷರ ಒರೆಸಿದಂತೆಯೇ. ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನ ಅಂತರರಾಷ್ಟ್ರೀಯ ಮಾನದಂಡದಲ್ಲಿ ಹಳೆಯ ಸಾಲುಗಳನ್ನು ತಾನಾಗಿ ಉಳಿಸಿಕೊಳ್ಳುವ ವ್ಯವಸ್ಥೆ ಸೇರಿದ್ದೇ 2011ರಲ್ಲಿ. ಅದೂ ಬೇಕೆಂದು ಕೇಳಿದರೆ ಮಾತ್ರ.

'ಲೋ-ಕೋಡ್' ಎಂಬ ಹೆಸರನ್ನು 2014ರಲ್ಲಿ ಫಾರೆಸ್ಟರ್ ಎಂಬ ಅಮೆರಿಕದ ಸಂಸ್ಥೆ ಚಾಲ್ತಿಗೆ ತಂದಿತು. ಅಲ್ಲಿಂದ ಆಪ್ ಮಾಡುವುದು ಇಂಜಿನಿಯರ್‌ಗಳ ಕೈಯಿಂದ ನಮ್ಮಂಥವರ ಕೈಗೂ ಬಂತು. ಚರಿತ್ರೆ ಇಡುವ ಸೌಲಭ್ಯ ಇವುಗಳಲ್ಲಿ ಇಲ್ಲವೆಂದಲ್ಲ. ಮುಂಬೈನಲ್ಲಿ ಹುಟ್ಟಿದ ಫ್ರಾಪೆಯಲ್ಲಿ 'ಟ್ರ್ಯಾಕ್ ಚೇಂಜಸ್' ಎಂಬ ಚೌಕಕ್ಕೆ ಟಿಕ್ ಹಾಕಿದರೆ ಹಳೆಯ ಅಂಕಿ, ಹೊಸ ಅಂಕಿ, ತಿದ್ದಿದವರ ಹೆಸರು ಉಳಿಯುತ್ತವೆ. ಮೈಕ್ರೋಸಾಫ್ಟ್‌ನ ಡೇಟಾವರ್ಸ್‌ನಲ್ಲಿ ಇಡೀ ವ್ಯವಸ್ಥೆಗೆ, ಟೇಬಲ್‌ಗೆ, ಕಾಲಂಗೆ, ಹೀಗೆ ಮೂರು ಹಂತದಲ್ಲಿ ಅದನ್ನು ಆನ್ ಮಾಡಬೇಕು. ಆಪ್ ಮಾಡುವ ಉತ್ಸಾಹದಲ್ಲಿ ಇಂಥ ಟಿಕ್ ಯಾರಿಗೆ ನೆನಪಿರುತ್ತದೆ? ನಮಗೆ ಇರಲಿಲ್ಲ.

ನಮ್ಮ ಹಾಗೆ ಮರೆಯುವವರಿಗಾಗಿಯೇ ಸರ್ಕಾರ ಒಂದು ಹೆಜ್ಜೆ ಇಟ್ಟಿದೆ. 2023ರ ಏಪ್ರಿಲ್ 1ರಿಂದ ದೇಶದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಲೇಬೇಕು, ಅದನ್ನು ಯಾರೂ ಆಫ್ ಮಾಡುವಂತಿರಬಾರದು. ಬೆಂಗಳೂರಿನ ಟ್ಯಾಲಿಯಲ್ಲಿ 'ಎಡಿಟ್ ಲಾಗ್' ಬಂದದ್ದು ಹೀಗೆ. ಆದರೆ ಈ ನಿಯಮ ಕಂಪನಿಗಳಿಗೆ. ನಾವೇ ಕೂತು ಕಟ್ಟಿಕೊಂಡ ಸಂಘದ ಆಪ್‌ಗೆ ಈ ಕಾವಲು ಇಲ್ಲ. ಅಲ್ಲಿ ನಮಗೆ ನಾವೇ ಕಾವಲು.

ನಾವು ಮತ್ತೆ ಹೇಗೆ ಮಾಡಿದೆವು

ಎರಡನೇ ಸಲ ಆಪ್ ಕಟ್ಟುವಾಗ ಪಹಣಿಯನ್ನೇ ಮುಂದಿಟ್ಟುಕೊಂಡೆವು. ಕಂತಿನ ಟೇಬಲ್ ನಮ್ಮ 9ನೇ ಕಾಲಂ ಆಯಿತು. ಪಕ್ಕದಲ್ಲಿ 'ಬದಲಾವಣೆ' ಎಂಬ ಇನ್ನೊಂದು ಟೇಬಲ್ ಮಾಡಿದೆವು, ಅದು ನಮ್ಮ ಎಂ.ಆರ್. ಪುಸ್ತಕ. ಯಾರಾದರೂ ಅಂಕಿ ತಿದ್ದಿದ ಕೂಡಲೇ ಅಲ್ಲಿ ತಾನಾಗಿ ಒಂದು ಸಾಲು ಸೇರುತ್ತದೆ. ಯಾವ ನಮೂದು, ಯಾವ ಕಾಲಂ, ಮೊದಲು ಏನಿತ್ತು, ಈಗ ಏನಾಯಿತು, ಯಾರು, ಯಾವಾಗ, ಯಾಕೆ. ಕಾರಣ ಬರೆಯದಿದ್ದರೆ ಸೇವ್ ಆಗುವುದೇ ಇಲ್ಲ.

ನೀವೂ ಮಾಡುವುದಾದರೆ ಕೆಲವು ಮಾತು. 'ಕೊನೆಗೆ ತಿದ್ದಿದವರು' ಎಂಬ ಒಂದೇ ಕಾಲಂ ಸಾಲದು, ಅದು ಕೊನೆಯವರನ್ನು ಮಾತ್ರ ಹೇಳುತ್ತದೆ. ಬದಲಾವಣೆಯ ಟೇಬಲ್‌ಗೆ ಸೇರಿಸಲು ಮಾತ್ರ ಆಗಬೇಕು, ತಿದ್ದಲು ಅಳಿಸಲು ಯಾರಿಗೂ ಆಗಬಾರದು, ಆಪ್ ಮಾಡಿದವರಿಗೂ ಕೂಡ. ನಮೂದು ಬೇಡವಾದರೆ ಡಿಲೀಟ್ ಬೇಡ, 'ರದ್ದು' ಎಂದು ಗುರುತು ಹಾಕಿ. ಸಮಯವನ್ನು ಫೋನಿನ ಗಡಿಯಾರದಿಂದ ತೆಗೆದುಕೊಳ್ಳಬೇಡಿ, ಅದನ್ನು ಯಾರು ಬೇಕಾದರೂ ತಿರುಗಿಸಬಹುದು. ಎಲ್ಲಕ್ಕಿಂತ ಮೊದಲು, ಒಬ್ಬೊಬ್ಬರಿಗೂ ಬೇರೆ ಲಾಗಿನ್. ಒಂದೇ ಲಾಗಿನ್‌ನಲ್ಲಿ ಹತ್ತು ಜನ ಕೆಲಸ ಮಾಡಿದರೆ ಚರಿತ್ರೆ ಇದ್ದೂ ಇಲ್ಲದಂತೆ.

ಇಷ್ಟು ಮಾಡಿದರೂ ಯಂತ್ರ ಹೇಳುವುದು ಯಾರು ತಿದ್ದಿದರು ಎಂದು ಮಾತ್ರ. ತಿದ್ದಿದ್ದು ಸರಿಯೋ ತಪ್ಪೋ ಎಂದು ಹೇಳಬೇಕಾದವರು ಜನ. ಚಾವಡಿಯಲ್ಲಿ ಪ್ರಕಟಿಸಬೇಕು ಎಂದು ಕಾಯ್ದೆ ಹೇಳಿದ್ದು ಇದಕ್ಕೇ. ಯಾರೂ ಓದದ ರಿಜಿಸ್ಟರ್ ಬೀರುವಿನಲ್ಲಿದ್ದರೂ ಒಂದೇ, ಮೊಬೈಲ್‌ನಲ್ಲಿದ್ದರೂ ಒಂದೇ.

ಈಗ ಆ ಸಂಘದ ಸಭೆಯಲ್ಲಿ ಉಳಿತಾಯ ಕಟ್ಟುವ ಮೊದಲು ಆ ತಿಂಗಳ ಬದಲಾವಣೆಗಳನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಹೆಚ್ಚೆಂದರೆ ನಾಲ್ಕೈದು ಸಾಲು, ಎರಡು ನಿಮಿಷದ ಕೆಲಸ. ಲೆಕ್ಕ ಬಿಟ್ಟಿದ್ದ ಆ ಅಕ್ಕನನ್ನೇ ಓದಲು ಕೇಳಿಕೊಂಡೆವು. ಮೊದಲು ಒಪ್ಪಲಿಲ್ಲ. ಮೂರನೇ ತಿಂಗಳು ತಾವಾಗಿ ಫೋನ್ ಕೈಗೆ ತೆಗೆದುಕೊಂಡು ಓದಿದರು. ಮೊದಲ ಸಾಲಿನಲ್ಲಿ ಇದ್ದದ್ದು ಅವರದೇ ಹೆಸರು, ಅವರೇ ತಿದ್ದಿದ ಒಂದು ಅಂಕಿ, ಅದಕ್ಕೆ ಅವರೇ ಕೊಟ್ಟ ಕಾರಣ. ಯಾರೂ ಏನೂ ಕೇಳಲಿಲ್ಲ. ಅವರು ಎರಡನೇ ಸಾಲಿಗೆ ಹೋದರು.