ಗೌತಮಪುರದ ಗ್ರೌಂಡು

ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜತೆಗೆ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯೂ ಇದೆ. ಹೊರಗಿನವರಿಗೆ ಅದು ವಿಚಿತ್ರ. ಆ ಬೀದಿಗಳಲ್ಲಿ ಬೆಳೆದ ನನಗೆ, ಪೆಲೆ ಇನ್ನೆಲ್ಲಿ ನಿಲ್ಲಬೇಕಿತ್ತು ಅನ್ನಿಸುತ್ತದೆ.

ಬ್ರಿಟಿಷರ ದಂಡು ಇಲ್ಲಿಗೆ ಬಂದದ್ದು 1809ರಲ್ಲಿ. ಗೋರಾ ಸಿಪಾಯಿಗಳ ಫುಟ್‌ಬಾಲ್ ಆಟವನ್ನು ಬೇಲಿಯಾಚೆ ನಿಂತು ನೋಡಿದವರ ಮಕ್ಕಳು ಬರಿಗಾಲಲ್ಲೇ ಅದನ್ನು ಕಲಿತರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. ಭಾರತೀಯರ ತಂಡವೊಂದು ಆ ಕಪ್ ಎತ್ತಿದ್ದು ಅದೇ ಮೊದಲು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1-2ರಿಂದ ಸೋತಾಗ, ಭಾರತದ ಆ ಒಂದು ಗೋಲು ನಮ್ಮೂರಿನ ಎಸ್. ರಾಮನ್ ಅವರದ್ದು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ.

ಇಷ್ಟು ದೊಡ್ಡ ಆಟ ಹುಟ್ಟಿದ್ದು ತೀರ ಸಣ್ಣ ಮಣ್ಣಿನಂಗಳಗಳಲ್ಲಿ. ಸುತ್ತ ಮನೆ, ನಡುವೆ ಕೆಮ್ಮಣ್ಣು. ಜೋರಾಗಿ ಒದ್ದರೆ ಚೆಂಡು ಯಾರದೋ ಹೆಂಚಿನ ಮೇಲೆ. ಹಾಗಾಗಿ ನಮ್ಮ ಹುಡುಗರ ಆಟವೆಲ್ಲ ನೆಲಕ್ಕಂಟಿದ ಸಣ್ಣ ಪಾಸು, ಇಕ್ಕಟ್ಟಿನಲ್ಲೇ ತಪ್ಪಿಸಿಕೊಳ್ಳುವ ಡ್ರಿಬಲ್. ಎಪ್ಪತ್ತರ ದಶಕದಲ್ಲಿ ಸರ್ವೆ ಮರದ ಗಳುಗಳೇ ಗೋಲ್‌ಪೋಸ್ಟು. ಶನಿವಾರ ಸಂಜೆ ಹಿರಿಯರು ನೀರು ಚಿಮುಕಿಸಿ ಧೂಳು ಅಡಗಿಸುತ್ತಿದ್ದರು. ನಾವು ಸಾಲಾಗಿ ಕೂತು ಕಲ್ಲು, ಗಾಜಿನ ಚೂರು ಹೆಕ್ಕುತ್ತಿದ್ದೆವು. ಮದುವೆಗೆ ಶಾಮಿಯಾನ ಹಾಕಿದವರು ಗೂಟದ ಗುಂಡಿ ಮುಚ್ಚಿಯೇ ಹೋಗಬೇಕು. ಬ್ಲಾಡರ್ ತೂತಾದರೆ ಸೈಕಲ್ ಅಂಗಡಿಯಲ್ಲಿ ಪ್ಯಾಚು. ಪಕ್ಕದ ಮನೆಯ ಅಜ್ಜಿ, ಆಟದ ಗಂಧವೇ ಇಲ್ಲದವರು, ಬೆಳಿಗ್ಗೆ ತಮ್ಮ ಬಾಗಿಲು ಗುಡಿಸಿ ಕಾರ್ನರ್‌ವರೆಗೂ ಪೊರಕೆ ಆಡಿಸುತ್ತಿದ್ದರು. "ನಮ್ ಹುಡ್ಗ ಬೀಳೋ ಜಾಗ ಅಲ್ವೇನೋ" ಅನ್ನುತ್ತಿದ್ದರು.

ಮೈದಾನದ ಈ ಆರೈಕೆಯ ಹಿಂದೆ ಅನ್ನದ ಲೆಕ್ಕವೂ ಇತ್ತು. ಚೆನ್ನಾಗಿ ಆಡುವ ಹುಡುಗನಿಗೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡದಲ್ಲಿ ಜಾಗ, ಜತೆಗೆ ಕೆಲಸ. ಒಬ್ಬನಿಗೆ ಕೆಲಸ ಸಿಕ್ಕರೆ ಒಂದು ಮನೆ ನೆಲೆ ನಿಂತಂತೆ. ಮೈಸೂರು ರಾಜ್ಯ ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು 1967-68, 1968-69ರಲ್ಲಿ ಸಾಲಾಗಿ ಗೆದ್ದದ್ದು ಇಂಥ ದಿನಗಳಲ್ಲೇ. ಆಮೇಲೆ ಕಾರ್ಖಾನೆ ತಂಡಗಳು ಸೊರಗಿದವು. ಮುಂದಿನ ಟ್ರೋಫಿಗೆ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿದ ರಾತ್ರಿ ನಾನು ಅತ್ತುಬಿಟ್ಟೆ. ಕೆಲಸದ ಆಸೆ ಬತ್ತಿದ್ದೇ ಆಟ ಬಡವಾಗಲು ಮೊದಲ ಕಾರಣ ಎಂದೇ ನಾನು ಈಗಲೂ ನಂಬುತ್ತೇನೆ.

ಈಗ ನಗರದ ತುಂಬ ಗಂಟೆಗಿಷ್ಟು ಎಂದು ಹಣ ತೆತ್ತು ಆಡುವ ಹಸಿರು ಟರ್ಫ್‌ಗಳು. ಇರಲಿ, ಮಳೆಗಾಲದಲ್ಲಿ ಅವು ಒಳ್ಳೆಯವೇ. ಆದರೆ ಕೇರಿಯ ಮೈದಾನಕ್ಕೆ ಹಾಗೆ ದರ ಕಟ್ಟಬಾರದು. ಪಾಲಿಕೆ ಗೇಟು ಹಾಕಿ ಬೀಗ ಜಡಿದರೂ, ಒಂದು ಕೀಲಿ ಗುಡಿಸುವವರ ಮನೆಯಲ್ಲಿರಬೇಕು.